ಹಾಡನ್ನು ಅಂಕಿಯಾಗಿ ಬರೆದಿಟ್ಟ ಟೇಪು

ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಒಂದು ಹಾಡಿನ ಫೈಲ್ ತೆಗೆದು ಅದರ ವಿವರ ನೋಡಿ. 44.1 ಕಿಲೋಹರ್ಟ್ಸ್ ಅಂತ ಒಂದು ಸಾಲು ಕಾಣುವ ಸಾಧ್ಯತೆ ಜಾಸ್ತಿ. ಆ ಹಾಡಿನ ಒಂದೊಂದು ಸೆಕೆಂಡನ್ನೂ 44,100 ಸಲ ಅಳೆದು, ಬಂದ ಅಳತೆಗಳನ್ನು ಅಂಕಿಗಳಾಗಿ ಬರೆದಿಟ್ಟಿದ್ದಾರೆ ಅಂತ ಅದರ ಅರ್ಥ. ಯಾಕೆ 44,100? 40,000 ಆಗಬಹುದಿತ್ತು, 45,000 ಆಗಬಹುದಿತ್ತು. ದುಂಡಗಿನ ಸಂಖ್ಯೆ ಬಿಟ್ಟು ಇದು ಎಲ್ಲಿಂದ ಬಂತು?

ಇದು ಸಂಗೀತದ ಕಡೆಯಿಂದ ಬಂದ ಸಂಖ್ಯೆಯೇ ಅಲ್ಲ. ಟಿವಿ ಪರದೆಯ ಗೆರೆಗಳ ಲೆಕ್ಕದಿಂದ ಬಂದದ್ದು. ಡಿಜಿಟಲ್ ಧ್ವನಿಯನ್ನು ಮೊದಮೊದಲು ಹಿಡಿದಿಡಲು ಸಿಕ್ಕಿದ್ದು ವಿಡಿಯೋ ಟೇಪು. ಆ ಟೇಪಿನ ಗುರುತು ಇವತ್ತಿಗೂ ನಮ್ಮ ಜೇಬಿನಲ್ಲಿರುವ ಹಾಡುಗಳ ಮೇಲೆ ಉಳಿದುಕೊಂಡಿದೆ. ಡಿಜಿಟಲ್ ಟೇಪ್ ರೆಕಾರ್ಡರ್ ಕಥೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಯಂತ್ರ ಮರೆಯಾದರೂ ಅದರ ಲೆಕ್ಕ ಉಳಿದಿದೆ.

ಮೊದಲು ಹಳೇ ಟೇಪಿನ ಕಷ್ಟ ಏನಿತ್ತು ಅಂತ ನೋಡೋಣ. ಕ್ಯಾಸೆಟ್ ಕಾಲದಲ್ಲಿ ಬೆಳೆದವರಿಗೆ ಇದು ನೆನಪಿರುತ್ತದೆ. ಬೇಕಾದ ಹಾಡುಗಳ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಆ ಕ್ಯಾಸೆಟ್ಟನ್ನು ಗೆಳೆಯ ಕಾಪಿ ಮಾಡಿಕೊಳ್ಳುತ್ತಿದ್ದ. ಅವನದನ್ನು ಅವನ ಚಿಕ್ಕಮ್ಮನ ಮಗ. ನಾಲ್ಕನೇ ಕೈಗೆ ಬರುವಷ್ಟರಲ್ಲಿ ಹಾಡಿಗಿಂತ 'ಸ್ಸ್' ಅನ್ನುವ ಸದ್ದೇ ಮುಂದಿರುತ್ತಿತ್ತು.

ಯಾಕೆ ಹೀಗಾಗುತ್ತದೆ? ಅನಲಾಗ್ ಟೇಪಿನಲ್ಲಿ ಧ್ವನಿಯ ಏರಿಳಿತ ಇದ್ದಹಾಗೇ ಕಾಂತೀಯ ಏರಿಳಿತವಾಗಿ ಕೂರುತ್ತದೆ. ಟೇಪಿಗೆ ತನ್ನದೇ ಒಂದು ಸಣ್ಣ ಗಲಾಟೆ ಇದೆ. ಹಾಡು ಯಾವುದು, ಟೇಪಿನ ಗಲಾಟೆ ಯಾವುದು ಅಂತ ಬಿಡಿಸಿ ನೋಡಲು ಯಂತ್ರಕ್ಕೆ ಆಗುವುದಿಲ್ಲ. ಹಾಗಾಗಿ ಪ್ರತಿ ಕಾಪಿಯಲ್ಲೂ ಹೊಸ ಗಲಾಟೆ ಸೇರುತ್ತಾ ಹೋಗುತ್ತದೆ. ಮೋಟಾರ್ ಸ್ವಲ್ಪ ಅಲುಗಿದರೂ ತಂಬೂರಿಯ ಶ್ರುತಿಯೇ ಅಲುಗುತ್ತದೆ.

ಅಂಕಿ ಬರೆದರೆ ಈ ಕಷ್ಟ ಇಲ್ಲ. ಆಸ್ಪತ್ರೆಯಲ್ಲಿ ಜ್ವರದ ಚಾರ್ಟ್ ನೋಡಿರುತ್ತೀರಿ. ನರ್ಸ್ ಗಂಟೆಗಟ್ಟಲೆ ಥರ್ಮಾಮೀಟರ್ ಹಿಡಿದು ಕೂರುವುದಿಲ್ಲ. ಹೊತ್ತು ಹೊತ್ತಿಗೆ ಬಂದು ಅಳೆದು ಒಂದು ಅಂಕಿ ಬರೆದು ಹೋಗುತ್ತಾರೆ. ಆ ಅಂಕಿಗಳನ್ನು ಸೇರಿಸಿ ಗೆರೆ ಎಳೆದರೆ ಜ್ವರ ಏರಿದ್ದು ಇಳಿದದ್ದು ಗೊತ್ತಾಗುತ್ತದೆ. ಧ್ವನಿಗೂ ಹೀಗೇ ಮಾಡಬಹುದು. ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಫೋನ್ ಮಾತನ್ನು ಗಲಾಟೆಯಿಲ್ಲದೆ ದೂರಕ್ಕೆ ಕಳಿಸಲು ಈ ದಾರಿ ಹುಡುಕಿದರು. ಪಲ್ಸ್ ಕೋಡ್ ಮಾಡ್ಯುಲೇಶನ್, ಚಿಕ್ಕದಾಗಿ ಪಿಸಿಎಂ ಅಂತ ಅದರ ಹೆಸರು.

ಎಷ್ಟು ಸಲ ಅಳೆಯಬೇಕು? ಇಲ್ಲಿ ಒಂದು ನಿಯಮ ಇದೆ. ನೀವು ಹಿಡಿಯಬೇಕಾದ ಅತಿ ತಾರಕ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಅದರ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆಯಬೇಕು. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಕಂಪನದವರೆಗೆ. ಹಾಗಾಗಿ 40,000 ದಾಟಬೇಕು. ಅದಕ್ಕೂ ಮೇಲಿನ ಸದ್ದನ್ನು ಸೋಸಿ ತೆಗೆಯುವ ಫಿಲ್ಟರ್‌ಗೆ ಸ್ವಲ್ಪ ಜಾಗ ಬಿಡಬೇಕು.

ಎಷ್ಟು ನುಣುಪಾಗಿ ಅಳೆಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಸ್ಕೇಲಿನ ಮೇಲಿನ ಗೀಟುಗಳ ಹಾಗೆ ಯೋಚಿಸಿ. ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಜಾಗ. 13 ಬಿಟ್ ಅಂದರೆ ಸ್ಕೇಲಿನಲ್ಲಿ 8,192 ಗೀಟು. 16 ಬಿಟ್ ಅಂದರೆ 65,536 ಗೀಟು. ಗೀಟು ಹತ್ತಿರ ಹತ್ತಿರ ಇದ್ದಷ್ಟೂ ಪಿಸುಮಾತೂ ಸರಿಯಾಗಿ ಸಿಗುತ್ತದೆ.

ಈಗ ಗುಣಿಸಿ ನೋಡಿ. 44,100 ಸಲ, ಪ್ರತಿ ಸಲ 16 ಬಿಟ್, ಎಡ ಬಲ ಎರಡು ಚಾನೆಲ್. ಸೆಕೆಂಡಿಗೆ 14 ಲಕ್ಷಕ್ಕೂ ಜಾಸ್ತಿ ಬಿಟ್. ಸಾಮಾನ್ಯ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಓಡುವುದಿಲ್ಲ. ಅದರ ಮೇಲೆ ಇಷ್ಟನ್ನು ಬರೆಯುವುದು ಅಂದರೆ ಬಸ್ ಟಿಕೆಟ್ಟಿನ ಹಿಂದೆ ಗದುಗಿನ ಭಾರತ ಬರೆದ ಹಾಗೆ. ಅಂಕಿಯ ಉಪಾಯ 1937ರಲ್ಲೇ ಸಿಕ್ಕಿದ್ದರೂ ಟೇಪ್ ರೆಕಾರ್ಡರ್ ಡಿಜಿಟಲ್ ಆಗಲು ಮೂವತ್ತು ವರ್ಷ ಹಿಡಿದದ್ದಕ್ಕೆ ಈ ಜಾಗದ ಕೊರತೆಯೇ ದೊಡ್ಡ ಕಾರಣ.

ಆ ಹೊತ್ತಿಗೆ ಇಷ್ಟೊಂದು ಮಾಹಿತಿ ನುಂಗುವ ಯಂತ್ರ ಟಿವಿ ಸ್ಟುಡಿಯೋಗಳಲ್ಲಿ ಇತ್ತು. ವಿಡಿಯೋ ಟೇಪ್ ರೆಕಾರ್ಡರ್.

ಟಿವಿ ಗೆರೆಯ ಮೇಲೆ ಸಂಗೀತ

ವಿಡಿಯೋ ರೆಕಾರ್ಡರ್ ಮಾಡಿದ ಉಪಾಯ ತುಂಬಾ ಚೆಂದದ್ದು. ಟೇಪನ್ನು ಜೋರಾಗಿ ಓಡಿಸುವ ಬದಲು, ಟೇಪಿನ ಮೇಲೆ ಬರೆಯುವ ಮತ್ತು ಓದುವ ಹೆಡ್ಡನ್ನೇ ಓಡಿಸಿದರು. ಒಂದು ಡ್ರಮ್ಮಿಗೆ ಹೆಡ್ಡುಗಳನ್ನು ಕೂರಿಸಿ ಗಿರಗಿರನೆ ತಿರುಗಿಸುತ್ತಾರೆ. ಟೇಪು ಅದನ್ನು ಓರೆಯಾಗಿ ಸುತ್ತಿಕೊಂಡು ನಿಧಾನಕ್ಕೆ ಸಾಗುತ್ತದೆ. ಹೆಡ್ಡು ಟೇಪಿನ ಮೇಲೆ ಒಂದರ ಪಕ್ಕ ಒಂದು ಓರೆ ಗೆರೆ ಎಳೆಯುತ್ತಾ ಹೋಗುತ್ತದೆ. ಟೇಪು ಸಾಗುವುದು ನಿಧಾನ, ಬರೆಯುವುದು ವೇಗ. ಜಾಗ ಒಂದಿಷ್ಟೂ ಹಾಳಾಗುವುದಿಲ್ಲ.

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಪ್ರಯೋಗಾಲಯದಲ್ಲಿ ಹೈತಾರೋ ನಕಜಿಮಾ ಅವರ ತಂಡ 1967ರಲ್ಲಿ ಇಂಥ ವಿಡಿಯೋ ಯಂತ್ರಕ್ಕೆ ಧ್ವನಿಯ ಅಂಕಿಗಳನ್ನು ಉಣಿಸಿತು. ಒಂದೇ ಚಾನೆಲ್, 12 ಬಿಟ್. ಎರಡು ವರ್ಷದಲ್ಲಿ ಸ್ಟೀರಿಯೋ, 13 ಬಿಟ್. ಡೆನಾನ್ ಹೆಸರಿನಲ್ಲಿ ಯಂತ್ರ ಮಾಡುತ್ತಿದ್ದ ನಿಪ್ಪಾನ್ ಕೊಲಂಬಿಯಾ ಕಂಪನಿ ಆ ಯಂತ್ರವನ್ನು ಬಳಸಿ 1971ರಲ್ಲೇ ಗ್ರಾಮಫೋನ್ ತಟ್ಟೆ ಹೊರತಂದಿತು. 1972ರಲ್ಲಿ ತನ್ನದೇ ಎಂಟು ಚಾನೆಲ್ಲಿನ ಯಂತ್ರ ಕಟ್ಟಿ, ಟೋಕಿಯೋಗೆ ಬಂದಿದ್ದ ಚೆಕೊಸ್ಲೊವಾಕಿಯಾದ ಸ್ಮೆಟನಾ ಕ್ವಾರ್ಟೆಟ್ ತಂಡದ ಮೊಜಾರ್ಟ್ ವಾದನವನ್ನು ರೆಕಾರ್ಡ್ ಮಾಡಿತು. ಕೇಳುವವರ ಮನೆಗೆ ಹೋದದ್ದು ಮಾತ್ರ ಹಳೇ ಕಪ್ಪು ತಟ್ಟೆಯೇ. ಸಿಡಿ ಬರಲು ಇನ್ನೂ ಹತ್ತು ವರ್ಷ ಇತ್ತು.

ನಕಜಿಮಾ ಮುಂದೆ ಸೋನಿ ಕಂಪನಿಗೆ ಹೋದರು. ಅಲ್ಲಿಂದ 1977ರಲ್ಲಿ ಪಿಸಿಎಂ-1 ಅನ್ನುವ ಪೆಟ್ಟಿಗೆ ಬಂತು. ಅದರೊಳಗೆ ಟೇಪೇ ಇರಲಿಲ್ಲ. ಧ್ವನಿಯನ್ನು ಅಂಕಿ ಮಾಡಿ, ಆ ಅಂಕಿಗಳನ್ನು ಟಿವಿ ಚಿತ್ರದ ವೇಷ ಹಾಕಿಸಿ, ಮನೆಯ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್‌ಗೆ ಕಳಿಸುತ್ತಿತ್ತು. ರೆಕಾರ್ಡರ್ ಪಾಲಿಗೆ ಅದೊಂದು ಸಾಮಾನ್ಯ ಟಿವಿ ಕಾರ್ಯಕ್ರಮ. ಆ ಕ್ಯಾಸೆಟ್ಟನ್ನು ನೇರವಾಗಿ ಟಿವಿಗೆ ಹಾಕಿದರೆ ಪರದೆ ತುಂಬಾ ಕಪ್ಪು ಬಿಳಿ ಚುಕ್ಕೆಗಳು ಕುಣಿಯುತ್ತವೆ. ಆ ಕುಣಿತವೇ ಸಂಗೀತ!

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಟಿವಿ ಚಿತ್ರ ಅಂದರೆ ಗೆರೆಗಳು. ಜಪಾನ್, ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಅರೆಚಿತ್ರ, ಅಂದರೆ ಒಂದು ಬಿಟ್ಟು ಒಂದು ಗೆರೆ ಇರುವ ಅರ್ಧ ಚಿತ್ರ. ಒಂದೊಂದು ಅರೆಚಿತ್ರದಲ್ಲಿ ಅಂಕಿ ತುಂಬಲು ಸಿಗುವ ಗೆರೆ 245. ಒಂದು ಗೆರೆಗೆ ಮೂರು ಅಳತೆ ಹಾಕಿದರು. 60 ಗುಣಿಸು 245 ಗುಣಿಸು 3. ಎಷ್ಟಾಯಿತು? 44,100. ನಮ್ಮ ದೇಶದಲ್ಲೂ ಯುರೋಪಿನಲ್ಲೂ ಇದ್ದ ಪಾಲ್ ಪದ್ಧತಿಯ ಟಿವಿಯಲ್ಲಿ ಸೆಕೆಂಡಿಗೆ 50 ಅರೆಚಿತ್ರ, ಬಳಸುವ ಗೆರೆ 294. 50 ಗುಣಿಸು 294 ಗುಣಿಸು 3. ಅದೂ 44,100! ಎರಡು ಬೇರೆ ಬೇರೆ ಟಿವಿ ಲೋಕಕ್ಕೂ ಸರಿಹೊಂದುವ ಸಂಖ್ಯೆ, ಮೇಲಾಗಿ ಕಿವಿಗೆ ಬೇಕಾದ 40,000ವನ್ನು ದಾಟಿದ ಸಂಖ್ಯೆ. ಪೆನ್ನು ಪೇಪರ್ ಹಿಡಿದು ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಸೋನಿಯ ಪಿಸಿಎಂ-1600 ಮತ್ತು ಅದರ ನಂತರದ ಯಂತ್ರಗಳು ಯು-ಮ್ಯಾಟಿಕ್ ಅನ್ನುವ ದಪ್ಪ ವಿಡಿಯೋ ಕ್ಯಾಸೆಟ್ಟಿಗೆ ಇದೇ ಲೆಕ್ಕದಲ್ಲಿ ಬರೆಯುತ್ತಿದ್ದವು. ಫಿಲಿಪ್ಸ್ ಮತ್ತು ಸೋನಿ ಸೇರಿ ಸಿಡಿ ರೂಪಿಸಿದಾಗ ಮಾಸ್ಟರ್ ಅನ್ನುವ ಮೂಲ ಟೇಪುಗಳು ಸಿಡಿ ಒತ್ತುವಲ್ಲಿಗೆ ಹೋಗಬೇಕಾದದ್ದು ಇಂಥ ಯಂತ್ರಗಳಿಂದಲೇ. ಹಾಗಾಗಿ ಸಿಡಿಗೂ 44,100 ಆಯಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸಿಡಿ ಮಾರಾಟಕ್ಕೆ ಬಂತು. ಸಿಡಿಯಿಂದ ಎಂಪಿ3ಗೆ, ಅಲ್ಲಿಂದ ನಿಮ್ಮ ಫೋನಿಗೆ ಆ ಸಂಖ್ಯೆ ಹಾಗೇ ನಡೆದು ಬಂದಿದೆ.

ಅಮೆರಿಕದಲ್ಲಿ ದಾರಿ ಬೇರೆಯಾಗಿತ್ತು. ಯೂಟಾದ ಪ್ರೊಫೆಸರ್ ಥಾಮಸ್ ಸ್ಟಾಕ್‌ಹ್ಯಾಮ್ 1975ರಲ್ಲಿ ಸೌಂಡ್‌ಸ್ಟ್ರೀಮ್ ಅನ್ನುವ ಕಂಪನಿ ಕಟ್ಟಿದರು. ಅಧ್ಯಕ್ಷ ನಿಕ್ಸನ್ ಅವರ ವಾಟರ್‌ಗೇಟ್ ಹಗರಣದ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಮಾತೇ ಇರಲಿಲ್ಲವಲ್ಲ, ಅದು ಅಳಿಸಿದ್ದೇ ಅಂತ ಪರೀಕ್ಷೆ ಮಾಡಿದ ತಜ್ಞರ ಸಮಿತಿಯಲ್ಲಿ ಇವರೂ ಇದ್ದರು. ಅವರು ವಿಡಿಯೋ ಯಂತ್ರದ ಗೋಜಿಗೆ ಹೋಗಲಿಲ್ಲ. ವಿಜ್ಞಾನದ ಅಳತೆಗಳನ್ನು ದಾಖಲಿಸಲು ಬಳಸುತ್ತಿದ್ದ ಹನಿವೆಲ್ ಟೇಪ್ ಯಂತ್ರವನ್ನು ತೆಗೆದುಕೊಂಡರು. ಹೆಡ್ಡು ಕದಲುವುದಿಲ್ಲ, ಟೇಪೇ ಜೋರಾಗಿ ಓಡುತ್ತದೆ. 16 ಬಿಟ್, ಮುಂದೆ ಸೆಕೆಂಡಿಗೆ 50,000 ಅಳತೆ. 1976ರಲ್ಲಿ ಸಾಂಟಾ ಫೆ ಒಪೆರಾದಲ್ಲಿ ರೆಕಾರ್ಡ್ ಮಾಡಿದರು. ಟೆಲಾರ್ಕ್ ಕಂಪನಿ ಇದೇ ಯಂತ್ರದಲ್ಲಿ ಚೈಕೋವ್‌ಸ್ಕಿಯ ರಚನೆಯೊಂದನ್ನು ನಿಜವಾದ ಫಿರಂಗಿ ಸದ್ದಿನ ಸಮೇತ ಹಿಡಿದಿಟ್ಟಿತು. ತಟ್ಟೆಯ ಮೇಲೆ ಆ ಫಿರಂಗಿಯ ಗೆರೆ ಬರಿಗಣ್ಣಿಗೆ ಕಾಣುವಷ್ಟು ಅಗಲವಾಗಿ ಕೊರೆದಿದ್ದರಿಂದ ಎಷ್ಟೋ ಗ್ರಾಮಫೋನ್ ಸೂಜಿಗಳು ಅಲ್ಲಿ ಎಗರಿ ಬೀಳುತ್ತಿದ್ದವು.

ದೊಡ್ಡ ಸ್ಟುಡಿಯೋಗಳಿಗೆ ಎರಡು ಟ್ರ್ಯಾಕ್ ಸಾಲದು. ಡ್ರಮ್ಸ್‌ಗೆ ಒಂದಷ್ಟು, ಗಾಯಕರಿಗೆ ಒಂದಷ್ಟು, ವಯಲಿನ್‌ಗಳಿಗೆ ಒಂದಷ್ಟು ಬೇಕು. 3ಎಂ ಕಂಪನಿ 1978ರಲ್ಲಿ ಒಂದಿಂಚು ಟೇಪಿನ ಮೇಲೆ 32 ಟ್ರ್ಯಾಕ್ ಬರೆಯುವ ಯಂತ್ರ ತಂದಿತು. ಸೋನಿ ಅರ್ಧ ಇಂಚಿನಲ್ಲಿ 24 ಟ್ರ್ಯಾಕ್ ಕೂರಿಸಿತು. ಮುಂದೆ ಅದೇ ಅರ್ಧ ಇಂಚಿನಲ್ಲಿ 48 ಟ್ರ್ಯಾಕ್ ಕೂರಿಸಿ, ಹಳೇ 24ರ ಟೇಪೂ ಅದರಲ್ಲಿ ಓಡುವಂತೆ ನೋಡಿಕೊಂಡಿತು. ಮಿತ್ಸುಬಿಷಿಯದು ಇನ್ನೊಂದು ಪದ್ಧತಿ. ಒಬ್ಬರ ಟೇಪು ಇನ್ನೊಬ್ಬರ ಯಂತ್ರದಲ್ಲಿ ಓಡುತ್ತಿರಲಿಲ್ಲ. ಇವೆಲ್ಲ ಬೀರುವಿನಷ್ಟು ದೊಡ್ಡ, ಶ್ರೀಮಂತ ಸ್ಟುಡಿಯೋಗಳು ಮಾತ್ರ ಕೊಳ್ಳಬಹುದಾದ ಯಂತ್ರಗಳು.

ಡ್ಯಾಟ್ ಕ್ಯಾಸೆಟ್ಟಿನೊಳಗೆ

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಡ್ಯಾಟ್ ಕ್ಯಾಸೆಟ್ ಇದೆ. ಹಿಂದೆ ರೆಕಾರ್ಡಿಂಗ್ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಕೊಟ್ಟದ್ದು. 73 ಮಿಲಿಮೀಟರ್ ಉದ್ದ, 54 ಅಗಲ, 10.5 ದಪ್ಪ. ನಮ್ಮ ಮಾಮೂಲಿ ಹಾಡಿನ ಕ್ಯಾಸೆಟ್ಟಿಗೆ ಹೋಲಿಸಿದರೆ ಅರ್ಧದಷ್ಟು ಕಾಣುತ್ತದೆ. ಮಾಮೂಲಿ ಕ್ಯಾಸೆಟ್ಟಿನ ಕೆಳಗೆ ಟೇಪು ಬಯಲಲ್ಲೇ ಕಾಣುತ್ತದಲ್ಲ, ಇಲ್ಲಿ ಹಾಗಿಲ್ಲ. ಮುಂದೆ ಒಂದು ಮುಚ್ಚಳ, ಕೆಳಗೆ ಜಾರುವ ಒಂದು ತಟ್ಟೆ. ತಟ್ಟೆ ಹಿಂದಕ್ಕೆ ಸರಿಸಿ ಮುಚ್ಚಳ ಎತ್ತಿದರೆ 4 ಮಿಲಿಮೀಟರ್ ಕೂಡ ಅಗಲವಿಲ್ಲದ ಕಪ್ಪು ಟೇಪು. ಕೈಯ ಜಿಡ್ಡು ತಾಗಿದರೆ ಕೆಡುತ್ತದೆ, ಮುಟ್ಟಬಾರದು.

ಡ್ಯಾಟ್ ಅಂದರೆ ಡಿಜಿಟಲ್ ಆಡಿಯೋ ಟೇಪ್. ಸಿಡಿ ಬಂದ ಮರುವರ್ಷ, 1983ರಲ್ಲಿ, ಹಲವಾರು ಕಂಪನಿಗಳು ಒಟ್ಟಿಗೆ ಕೂತು ಮನೆಗೆ ಒಪ್ಪುವ ಡಿಜಿಟಲ್ ಟೇಪಿಗೆ ಒಂದೇ ಮಾನದಂಡ ಮಾಡೋಣ ಅಂತ ಹೊರಟವು. ತಿರುಗುವ ಹೆಡ್ಡೋ, ನಿಂತ ಹೆಡ್ಡೋ ಅನ್ನುವ ಚರ್ಚೆ ನಡೆಯಿತು. ಗೆದ್ದದ್ದು ತಿರುಗುವ ಹೆಡ್ಡು. 1987ರ ಆರಂಭದಲ್ಲಿ ಜಪಾನಿನಲ್ಲಿ ಯಂತ್ರಗಳು ಅಂಗಡಿಗೆ ಬಂದವು. ವಿಡಿಯೋ ರೆಕಾರ್ಡರನ್ನು ಕುಗ್ಗಿಸಿ ಕುಗ್ಗಿಸಿ ಧ್ವನಿಗೆಂದೇ ಮಾಡಿದರೆ ಏನಾಗುತ್ತದೋ ಅದೇ ಡ್ಯಾಟ್.

ಕ್ಯಾಸೆಟ್ ಒಳಗೆ ಹೋದಾಗ ಕೆಲವು ಸೆಕೆಂಡು ಸಣ್ಣ ಕಿರ್ ಸದ್ದು ಕೇಳುತ್ತದೆ. ಎರಡು ಪುಟ್ಟ ಕಂಬಗಳು ಟೇಪನ್ನು ಹೊರಗೆಳೆದು ಡ್ರಮ್ಮಿನ ಮೈಗೆ ಸುತ್ತುವ ಸದ್ದು. ಆ ಡ್ರಮ್ಮು 30 ಮಿಲಿಮೀಟರ್ ಅಗಲ, ದಪ್ಪನೆಯ ಒಂದು ನಾಣ್ಯದ ಹಾಗೆ. ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ. ಟೇಪು ಸಾಗುವುದು ಸೆಕೆಂಡಿಗೆ 8.15 ಮಿಲಿಮೀಟರ್ ಮಾತ್ರ. ಅಕ್ಕಿಕಾಳಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಡ್ರಮ್ಮು ತಿರುಗುವುದರಿಂದ ಹೆಡ್ಡಿನ ಲೆಕ್ಕದಲ್ಲಿ ಟೇಪು ಸೆಕೆಂಡಿಗೆ ಮೂರು ಮೀಟರಿಗೂ ಜಾಸ್ತಿ ವೇಗದಲ್ಲಿ ಹಾದುಹೋಗುತ್ತದೆ. ಹೆಡ್ಡು ಎಳೆಯುವ ಒಂದೊಂದು ಗೆರೆಯ ಅಗಲ 13.6 ಮೈಕ್ರಾನ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ನಾಲ್ಕೈದು ಗೆರೆ ಹಿಡಿಸುತ್ತವೆ. 60 ಮೀಟರ್ ಟೇಪಿನಲ್ಲಿ ಎರಡು ಗಂಟೆ ಕಛೇರಿ ಕೂತುಬಿಡುತ್ತದೆ.

ಗೆರೆಗಳ ನಡುವೆ ಖಾಲಿ ಜಾಗ ಇಲ್ಲ. ಪಕ್ಕದ ಗೆರೆಯ ಸದ್ದು ಬೆರೆಯದೆ ಇರಲು ಒಂದು ಹೆಡ್ಡನ್ನು 20 ಡಿಗ್ರಿ ಈಚೆ, ಇನ್ನೊಂದನ್ನು 20 ಡಿಗ್ರಿ ಆಚೆ ವಾಲಿಸಿರುತ್ತಾರೆ. ಒಂದು ಹೆಡ್ಡು ಬರೆದದ್ದು ಇನ್ನೊಂದಕ್ಕೆ ಸರಿಯಾಗಿ ಓದಲು ಬರುವುದಿಲ್ಲ.

ಇನ್ನೊಂದು ವಿಷಯ. ಟೇಪು ಡ್ರಮ್ಮನ್ನು ಪೂರ್ತಿ ಸುತ್ತುವುದಿಲ್ಲ, 90 ಡಿಗ್ರಿ ಮಾತ್ರ. ಹಾಗಾಗಿ ಅರ್ಧ ಹೊತ್ತು ಯಾವ ಹೆಡ್ಡೂ ಟೇಪನ್ನು ಮುಟ್ಟಿರುವುದಿಲ್ಲ. ಆದರೂ ಹಾಡು ನಿಂತು ನಿಂತು ಬರುವುದಿಲ್ಲ. ಹೇಗೆ? ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ, ಒಮ್ಮೆ ಜೋರಾಗಿ, ಒಮ್ಮೆ ಸಣ್ಣಗೆ. ಆದರೆ ಮೇಲಿನ ಟ್ಯಾಂಕ್ ತುಂಬಿದ್ದರೆ ನಲ್ಲಿಯಲ್ಲಿ ನೀರು ಒಂದೇ ಸಮ ಬರುತ್ತದೆ. ಇಲ್ಲೂ ಹಾಗೇ. ಟೇಪಿನಿಂದ ಬಂದ ಅಂಕಿಗಳು ಮೊದಲು ಮೆಮೊರಿ ಅನ್ನುವ ಟ್ಯಾಂಕ್ ಸೇರುತ್ತವೆ. ಅಲ್ಲಿಂದ ಸ್ಫಟಿಕದ ಗಡಿಯಾರದ ತಾಳಕ್ಕೆ ಒಂದೊಂದಾಗಿ ಹೊರಗೆ ಹೋಗುತ್ತವೆ. ಮೋಟಾರ್ ಸ್ವಲ್ಪ ಅಲುಗಿದರೂ ಶ್ರುತಿ ಅಲುಗುವುದಿಲ್ಲ. ತಂಬೂರಿ ಕೇಳುವವರಿಗೆ ಇದಕ್ಕಿಂತ ದೊಡ್ಡ ವರ ಬೇಕಾ?

ಆದರೆ ಟೇಪು ಅಂದಮೇಲೆ ಧೂಳು ಇರುತ್ತದೆ, ಗೀರು ಇರುತ್ತದೆ. ಒಂದು ಕಣ ಧೂಳು ಬಂದರೆ ನೂರಾರು ಅಂಕಿ ಮಾಯ. ಅದಕ್ಕೆ ಮಾಡಿದ ಏರ್ಪಾಡು ಕಿರಾಣಿ ಅಂಗಡಿ ಚೀಟಿಯ ಹಾಗಿದೆ. ಬೇಳೆ 80, ಸಕ್ಕರೆ 45, ಎಣ್ಣೆಯ ಬೆಲೆ ಮೇಲೆ ನೀರು ಬಿದ್ದು ಅಳಿಸಿಹೋಗಿದೆ. ಆದರೆ ಕೆಳಗೆ ಒಟ್ಟು 290 ಅಂತ ಇದೆ. ಎಣ್ಣೆ 165 ಅಂತ ನೀವೇ ಹೇಳಿಬಿಡುತ್ತೀರಿ. ಡ್ಯಾಟ್ ಕೂಡ ಧ್ವನಿಯ ಅಂಕಿಗಳ ಜೊತೆ ಇಂಥ ತಾಳೆ ನೋಡುವ ಅಂಕಿಗಳನ್ನೂ ಬರೆಯುತ್ತದೆ. ರೀಡ್-ಸಾಲೊಮನ್ ಕೋಡ್ ಅಂತ ಅದರ ಹೆಸರು. ಒಂದಲ್ಲ, ಎರಡು ಸುತ್ತು ತಾಳೆ. ಜೊತೆಗೆ ಅಂಕಿಗಳನ್ನು ಸಾಲಾಗಿ ಬರೆಯದೆ ಚದುರಿಸಿ ಬರೆಯುತ್ತದೆ. ಎಡ ಚಾನೆಲ್ಲಿನ ಸಮ ಸಂಖ್ಯೆಯ ಅಳತೆಗಳು ಒಂದು ಗೆರೆಯಲ್ಲಿ, ಬೆಸ ಸಂಖ್ಯೆಯವು ಪಕ್ಕದ ಗೆರೆಯಲ್ಲಿ. ಬಲ ಚಾನೆಲ್ಲಿಗೆ ಇದರ ಉಲ್ಟಾ. ಒಂದು ಹೆಡ್ಡಿಗೆ ಕೊಳೆ ಕಟ್ಟಿ ಅದು ಪೂರ್ತಿ ಕೈಕೊಟ್ಟರೂ ಎರಡೂ ಕಿವಿಗೆ ಅರ್ಧರ್ಧ ಅಳತೆ ಉಳಿದಿರುತ್ತದೆ. ನಡುವಿನವನ್ನು ಅಂದಾಜು ಮಾಡಿ ತುಂಬಬಹುದು.

ಕಾಪಿಯ ಭಯ

ಇಷ್ಟು ಚೆನ್ನಾಗಿದ್ದ ಯಂತ್ರ ಮನೆಮನೆಗೆ ಯಾಕೆ ಬರಲಿಲ್ಲ? ಬೆಲೆ ಒಂದು ಕಾರಣ. ಇನ್ನೊಂದು ಕಾರಣ, ಅದು ಚೆನ್ನಾಗಿದ್ದದ್ದೇ. ಡ್ಯಾಟ್‌ನಿಂದ ಡ್ಯಾಟ್‌ಗೆ ಡಿಜಿಟಲ್ ತಂತಿಯಲ್ಲಿ ಕಾಪಿ ಮಾಡಿದರೆ ನಕಲೂ ಅಸಲಿನಷ್ಟೇ ಚೊಕ್ಕ. ನೂರನೇ ಕಾಪಿಯೂ ಹಾಗೇ. ರೆಕಾರ್ಡ್ ಕಂಪನಿಗಳಿಗೆ ಇದು ನಿದ್ದೆಗೆಡಿಸಿತು. ಒಬ್ಬರು ಸಿಡಿ ಕೊಂಡು ಸಾವಿರ ಜನ ಕಾಪಿ ಮಾಡಿಕೊಂಡರೆ ಗತಿ ಏನು?

ಅಮೆರಿಕದ ಸಿಬಿಎಸ್ ರೆಕಾರ್ಡ್ಸ್ ಒಂದು ಉಪಾಯ ಮುಂದಿಟ್ಟಿತು. ಕಾಪಿಕೋಡ್ ಅಂತ. ಹಾಡಿನಲ್ಲಿ 3,800 ಕಂಪನದ ಆಸುಪಾಸಿನ ಒಂದು ಸಣ್ಣ ಚೂರನ್ನು ಕತ್ತರಿಸಿ ತೆಗೆಯುವುದು. ಆ ಜಾಗ ಖಾಲಿ ಇರುವುದನ್ನು ಕಂಡರೆ ಡ್ಯಾಟ್ ಯಂತ್ರ ರೆಕಾರ್ಡ್ ಮಾಡಲು ಒಪ್ಪಬಾರದು. ಅಂದರೆ ಕಳ್ಳತನ ತಪ್ಪಿಸಲು ಸಂಗೀತಕ್ಕೇ ತೂತು ಕೊರೆಯುವುದು! ಅಮೆರಿಕ ಸರ್ಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಪರೀಕ್ಷೆ ಮಾಡಿ 1988ರಲ್ಲಿ ವರದಿ ಕೊಟ್ಟಿತು. ಉಪಾಯ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೇಳುವವರಿಗೆ ವ್ಯತ್ಯಾಸವೂ ಗೊತ್ತಾಗುತ್ತದೆ, ಜೊತೆಗೆ ಅದನ್ನು ತಪ್ಪಿಸಿಕೊಳ್ಳುವುದೂ ಸುಲಭ. ಕಾಪಿಕೋಡ್ ಅಲ್ಲಿಗೆ ಮುಗಿಯಿತು.

ಆಮೇಲೆ 1989ರಲ್ಲಿ ಅಥೆನ್ಸ್‌ನಲ್ಲಿ ಕೂತು ಒಂದು ರಾಜಿ ಮಾಡಿಕೊಂಡರು. ಸಿಡಿಯಿಂದ ಒಂದು ಡಿಜಿಟಲ್ ಕಾಪಿ ಮಾಡಬಹುದು. ಆ ಕಾಪಿಯಿಂದ ಇನ್ನೊಂದು ಡಿಜಿಟಲ್ ಕಾಪಿ ಮಾಡಲು ಯಂತ್ರ ಬಿಡುವುದಿಲ್ಲ. ಮಗ ಹುಟ್ಟಬಹುದು, ಮೊಮ್ಮಗ ಹುಟ್ಟುವಂತಿಲ್ಲ. ಈ ಏರ್ಪಾಡಿಗೆ ಎಸ್‌ಸಿಎಂಎಸ್ ಅಂತ ಹೆಸರು. 1990ರಲ್ಲಿ ಡ್ಯಾಟ್ ಅಮೆರಿಕದ ಅಂಗಡಿಗಳಿಗೆ ಬಂದಾಗ ಗೀತರಚನೆಕಾರರು ಕೋರ್ಟಿಗೆ ಹೋದರು. ಕೊನೆಗೆ 1992ರಲ್ಲಿ ಕಾನೂನೇ ಆಯಿತು. ಡಿಜಿಟಲ್ ರೆಕಾರ್ಡರ್ ಬೆಲೆಯ ಮೇಲೆ ಶೇ. 2, ಖಾಲಿ ಟೇಪಿನ ಮೇಲೆ ಶೇ. 3 ರಾಯಧನ ಕಟ್ಟಬೇಕು.

ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. ಅದೇ 1992ರಲ್ಲಿ ಸೋನಿಯದೇ ಮಿನಿಡಿಸ್ಕ್ ಅನ್ನುವ ಪುಟ್ಟ ತಟ್ಟೆ ಬಂತು, ಫಿಲಿಪ್ಸ್‌ನ ಡಿಸಿಸಿ ಅನ್ನುವ ಡಿಜಿಟಲ್ ಕ್ಯಾಸೆಟ್ ಬಂತು. ಡಿಸಿಸಿ ಯಂತ್ರದಲ್ಲಿ ಮನೆಯ ಹಳೇ ಕ್ಯಾಸೆಟ್ ಕೂಡ ಕೇಳಬಹುದಿತ್ತು. ಒಳ್ಳೆಯ ಯೋಚನೆಯೇ. ಆದರೂ ನಾಲ್ಕು ವರ್ಷದಲ್ಲಿ ನಿಂತುಹೋಯಿತು. ಜನರ ಗಮನ ಮೂರು ಕಡೆ ಹಂಚಿಹೋಯಿತು. ಡ್ಯಾಟ್ ಮನೆಬಳಕೆಯ ವಸ್ತು ಆಗಲೇ ಇಲ್ಲ. ಐದು ವರ್ಷದ ಆ ಜಗಳ ಇಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು ಅಂತಲೇ ನನ್ನ ಅನಿಸಿಕೆ.

ಡ್ಯಾಟನ್ನು ಎದೆಗೊತ್ತಿಕೊಂಡವರು ಕೆಲಸದ ಮಂದಿ. ರೇಡಿಯೋ ವರದಿಗಾರರು, ಸಿನಿಮಾ ಶೂಟಿಂಗ್ ಜಾಗದಲ್ಲಿ ಸದ್ದು ಹಿಡಿಯುವವರು, ಹಕ್ಕಿಗಳ ಕೂಗು ಹುಡುಕುತ್ತಾ ಕಾಡು ಸುತ್ತುವವರು, ಹಳ್ಳಿ ಹಳ್ಳಿಗೆ ಹೋಗಿ ಜನಪದ ಹಾಡು ಸಂಗ್ರಹಿಸುವವರು. ಅವರಿಗೆ ಕಾಪಿ ಕಾನೂನಿನ ಚಿಂತೆ ಇರಲಿಲ್ಲ. ಭುಜಕ್ಕೆ ನೇತುಹಾಕುವ ಯಂತ್ರ, ಎರಡು ಗಂಟೆ ನಿಲ್ಲದೆ ಓಡುವ ಟೇಪು, ಸಿಡಿಯಷ್ಟು ಚೊಕ್ಕ ಧ್ವನಿ. ಸ್ಟುಡಿಯೋಗಳಲ್ಲಿ ಹಾಡಿನ ಮಿಕ್ಸಿಂಗ್ ಮುಗಿದ ಮೇಲೆ ಅದನ್ನು ಡ್ಯಾಟ್‌ಗೆ ಇಳಿಸಿ ಸಿಡಿ ಒತ್ತುವಲ್ಲಿಗೆ ಕಳಿಸುವುದು ತೊಂಬತ್ತರ ದಶಕದಲ್ಲಿ ವಾಡಿಕೆಯಾಯಿತು. ಕಂಪ್ಯೂಟರ್‌ನವರೂ ಇದನ್ನು ಬಿಡಲಿಲ್ಲ. ಅಂಕಿ ಬರೆಯುವ ಟೇಪು ಅಂದಮೇಲೆ ಹಾಡಾದರೇನು, ಲೆಕ್ಕಪತ್ರವಾದರೇನು? ಎಚ್‌ಪಿ ಮತ್ತು ಸೋನಿ 1989ರಲ್ಲಿ ಇದೇ ಕ್ಯಾಸೆಟ್ಟನ್ನು ಬ್ಯಾಕಪ್‌ಗೆ ಹೊಂದಿಸಿದವು. ಆ ಕಾಲದಲ್ಲಿ ಕಂಪ್ಯೂಟರ್ ಕೆಲಸ ಮಾಡಿದವರಿಗೆ ಸಂಜೆ ಮನೆಗೆ ಹೊರಡುವ ಮುಂಚೆ ಸರ್ವರ್‌ಗೆ ಪುಟ್ಟ ಕ್ಯಾಸೆಟ್ ತೂರಿಸಿದ್ದು ನೆನಪಿರಬಹುದು.

ಇಲ್ಲಿ ಅಲೆಸಿಸ್ ಕಂಪನಿಯ ಎಡ್ಯಾಟ್ ಬಗ್ಗೆ ಹೇಳಲೇಬೇಕು. 1992ರಲ್ಲಿ ಬಂತು. ವಿಡಿಯೋ ಅಂಗಡಿಯಲ್ಲಿ ಸಿಗುವ ಎಸ್-ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಎಂಟು ಟ್ರ್ಯಾಕ್ ಡಿಜಿಟಲ್. ಅಮೆರಿಕದಲ್ಲಿ ಬೆಲೆ 3,995 ಡಾಲರ್. ಇನ್ನೂ ಟ್ರ್ಯಾಕ್ ಬೇಕಾದರೆ ಇನ್ನೊಂದು ಯಂತ್ರ ಜೋಡಿಸಿ. ಹೀಗೆ 16 ಯಂತ್ರ ಜೋಡಿಸಿ 128 ಟ್ರ್ಯಾಕ್‌ವರೆಗೆ ಹೋಗಬಹುದಿತ್ತು. ಮರುವರ್ಷ ಟಾಸ್ಕಾಮ್ ಹೈ8 ಕ್ಯಾಸೆಟ್ ಬಳಸಿ ಇದಕ್ಕೆ ಪೈಪೋಟಿ ಕೊಟ್ಟಿತು. ದೊಡ್ಡ ಸ್ಟುಡಿಯೋದ ಬಾಗಿಲು ತಟ್ಟಬೇಕಿದ್ದ ಹುಡುಗರು ತಮ್ಮ ಮನೆಯ ಕೋಣೆಯಲ್ಲೇ ಆಲ್ಬಂ ಮಾಡತೊಡಗಿದರು. ನನ್ನ ಪ್ರಕಾರ ಡಿಜಿಟಲ್ ಟೇಪಿನ ಇಡೀ ಇತಿಹಾಸದಲ್ಲಿ ಜನರ ಕೈಗೆ ಜಾಸ್ತಿ ಬಲ ಕೊಟ್ಟದ್ದು ಈ ಯಂತ್ರ. ನೋಡಿ, ಇದೂ ವಿಡಿಯೋ ಟೇಪೇ. ಎಡ್ಯಾಟ್ ಈಗ ಇಲ್ಲ. ಅದರ ಬೆಳಕಿನ ತಂತಿಯ ಕನೆಕ್ಷನ್ ಮಾತ್ರ ಇವತ್ತಿನ ಆಡಿಯೋ ಇಂಟರ್‌ಫೇಸ್‌ಗಳ ಹಿಂಬದಿಯಲ್ಲಿ ಎಡ್ಯಾಟ್ ಅನ್ನುವ ಹೆಸರಿನಲ್ಲೇ ಇದೆ.

ಮುಂದೆ ಹಾರ್ಡ್ ಡಿಸ್ಕ್ ಅಗ್ಗವಾಯಿತು, ಮೆಮೊರಿ ಕಾರ್ಡ್ ಬಂತು. ಟೇಪಿನಲ್ಲಿ ಮೂವತ್ತನೇ ನಿಮಿಷಕ್ಕೆ ಹೋಗಲು ಕಾಯಬೇಕು, ಡಿಸ್ಕಿನಲ್ಲಿ ಒಂದು ಕ್ಲಿಕ್. 2005ರ ಕೊನೆಗೆ ಸೋನಿ ಡ್ಯಾಟ್ ಯಂತ್ರ ಮಾಡುವುದನ್ನು ನಿಲ್ಲಿಸಿತು. ಹದಿನೆಂಟು ವರ್ಷದಲ್ಲಿ ಅದು ಮಾರಿದ್ದು ಸುಮಾರು 6.6 ಲಕ್ಷ.

ಈಗ ಆ ಟೇಪುಗಳು

ಅನಲಾಗ್ ಟೇಪು ಮುದುಕರ ಹಾಗೆ ಮೆಲ್ಲಗೆ ಮಂಕಾಗುತ್ತದೆ. ಸದ್ದು ಕುಗ್ಗುತ್ತದೆ, ಆದರೂ ಏನೋ ಒಂದಿಷ್ಟು ಕೇಳುತ್ತದೆ. ಡಿಜಿಟಲ್ ಟೇಪು ಹಾಗಲ್ಲ. ತಾಳೆ ಅಂಕಿಗಳು ತಪ್ಪನ್ನು ಸರಿಪಡಿಸುವವರೆಗೆ ಧ್ವನಿ ಹೊಸದರ ಹಾಗೇ ಇರುತ್ತದೆ. ಒಳಗೆ ಎಷ್ಟು ಕೆಟ್ಟಿದೆ ಅಂತ ಕೇಳುವವರಿಗೆ ಗೊತ್ತಾಗುವುದೇ ಇಲ್ಲ. ತಪ್ಪು ಮಿತಿ ಮೀರಿದರೆ ಯಂತ್ರ ಅಂದಾಜಿನಲ್ಲಿ ತುಂಬುತ್ತದೆ. ಅದೂ ಆಗದಿದ್ದರೆ ಬಾಯಿ ಮುಚ್ಚುತ್ತದೆ. ಚಟ್ ಅನ್ನುವ ಸದ್ದು, ಆಮೇಲೆ ಬರೀ ಮೌನ. ಚೀಟಿಯಲ್ಲಿ ಎಣ್ಣೆಯ ಬೆಲೆಯ ಜೊತೆ ಒಟ್ಟೂ ಅಳಿಸಿಹೋದರೆ ಲೆಕ್ಕ ಸಿಗುವುದಾದರೂ ಹೇಗೆ?

ಯಂತ್ರದ ಕಷ್ಟ ಇನ್ನೊಂದು. ಬರೆದ ಯಂತ್ರದ ಕಂಬಗಳು ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಆ ಟೇಪು ಬೇರೆ ಯಂತ್ರದಲ್ಲಿ ಸರಿಯಾಗಿ ಓಡುವುದಿಲ್ಲ. ಹೊಸ ಹೆಡ್ಡು ಸಿಗುವುದಿಲ್ಲ, ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಫಿಲ್ಮ್ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು. 2025ರೊಳಗೆ ಕಂಪ್ಯೂಟರಿಗೆ ಇಳಿಸದ ಟೇಪುಗಳು ಬಹುಪಾಲು ಕೈತಪ್ಪಿದಂತೆಯೇ ಅಂತ. ಆ ವರ್ಷ ಬಂದೇ ಬಿಟ್ಟಿತು. ನಿಮ್ಮ ಮನೆಯಲ್ಲೋ ಸಂಘದ ಬೀರುವಿನಲ್ಲೋ ಡ್ಯಾಟ್ ಇದ್ದರೆ ದಯವಿಟ್ಟು ತಡ ಮಾಡಬೇಡಿ. ಸುಮ್ನೆ ಯಾವುದೋ ಹಳೇ ಯಂತ್ರಕ್ಕೆ ತೂರಿಸಿ ನೋಡಲೂ ಬೇಡಿ, ಟೇಪು ಸಿಕ್ಕಿಕೊಂಡರೆ ಹರಿಯುತ್ತದೆ. ಮೊದಲು ಬೇಡದ ಒಂದು ಟೇಪು ಹಾಕಿ ಯಂತ್ರ ಸರಿ ಇದೆಯಾ ಅಂತ ನೋಡಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಆಮೇಲೆ ಡಿಜಿಟಲ್ ತಂತಿಯಲ್ಲೇ ಕಂಪ್ಯೂಟರಿಗೆ ಇಳಿಸಿ, ಹೆಡ್‌ಫೋನ್ ತಂತಿಯಲ್ಲಿ ಬೇಡ.

ನನ್ನ ಮೇಜಿನ ಮೇಲಿನ ಕ್ಯಾಸೆಟ್ಟಿನ ಚೀಟಿಯಲ್ಲಿ ಬಾಲ್‌ಪೆನ್ನಿನಲ್ಲಿ 'ತಾಳಮದ್ದಳೆ, ರಾತ್ರಿ' ಅಂತ ಬರೆದಿದೆ. ಊರಿನ ಹೆಸರಿಲ್ಲ, ವರ್ಷ ಇಲ್ಲ. ಮೊನ್ನೆ ಭಾನುವಾರ ಅದನ್ನು ಇಳಿಸಲು ಕೂತೆವು. ಟೇಪು ಎಷ್ಟು ಉದ್ದವೋ ಅಷ್ಟು ಹೊತ್ತು ಕೂರಬೇಕು, ಬೇಗ ಓಡಿಸುವ ಹಾಗಿಲ್ಲ. ಭಾಗವತರ ಪದ ಚೊಕ್ಕವಾಗಿ ಬಂತು. 38ನೇ ನಿಮಿಷಕ್ಕೆ ಅರ್ಥಧಾರಿ ಮಾತು ಎತ್ತಿಕೊಳ್ಳುವ ಹೊತ್ತಿಗೆ ಚಟ್ ಅಂತು, ಹನ್ನೊಂದು ಸೆಕೆಂಡು ಏನೂ ಇಲ್ಲ. ನಿಲ್ಲಿಸಿ ಹೆಡ್ ಒರೆಸಿದೆವು. ಮತ್ತೆ ಅಲ್ಲೇ ಮೌನ. ಗೆಳೆಯರು ಒಳಗೆ ಹೋಗಿ ಬಟ್ಟೆ ಸುತ್ತಿಟ್ಟಿದ್ದ ಇನ್ನೊಂದು ಯಂತ್ರ ತಂದರು. ಅವತ್ತು ರಾತ್ರಿ ರೆಕಾರ್ಡ್ ಮಾಡಿದ್ದು ಅದರಲ್ಲೇ ಅಂತೆ. ಅದಕ್ಕೆ ಹಾಕಿದಾಗ ಆ ಹನ್ನೊಂದು ಸೆಕೆಂಡು ಸಿಕ್ಕಿತು. ಮದ್ದಳೆಯ ಒಂದು ಮೆಲು ಪೆಟ್ಟು, ಅರ್ಥಧಾರಿ ಗಂಟಲು ಸರಿಮಾಡಿಕೊಂಡದ್ದು, ದೂರದಲ್ಲಿ ಜೀರುಂಡೆ. ಆಮೇಲೆ ಮಾತು ಶುರುವಾಯಿತು.